ಒಂದೇ ಪಿನ್ನಿಗೆ ಇಬ್ಬರು ಯಜಮಾನರು: ಡಿವೈಸ್ ಟ್ರೀ ನಡೆದು ಬಂದ ದಾರಿ

ಒಂದು ಪುಟ್ಟ ಡಿಸ್‌ಪ್ಲೇ ನನ್ನನ್ನು ಎರಡು ರಾತ್ರಿ ನಿದ್ದೆಗೆಡಿಸಿತ್ತು. ಅರ್ಡುಯಿನೋ ಮಾದರಿಯ ಹೆಡರ್ ಇದ್ದ ಮೈಕ್ರೋಕಂಟ್ರೋಲರ್ ಬೋರ್ಡ್, ಅದರ ಮೇಲೆ ಜೆಫಿರ್ ಆಪರೇಟಿಂಗ್ ಸಿಸ್ಟಮ್. ಡಿಸ್‌ಪ್ಲೇಗೆ ಎಸ್‌ಪಿಐ (ಚಿಪ್‌ಗಳು ಡೇಟಾ ಕಳುಹಿಸುವ ಒಂದು ಪದ್ಧತಿ) ತಂತಿಗಳನ್ನು ಜೋಡಿಸಿದ್ದೆ. ಬಿಲ್ಡ್ ಸರಿಯಾಗಿ ಆಗುತ್ತಿತ್ತು, ಪರದೆ ಮಾತ್ರ ಕಪ್ಪು. ಡಿಸ್‌ಪ್ಲೇಯೇ ಕೆಟ್ಟಿರಬೇಕು ಅಂತ ಎಸ್‌ಪಿ ರಸ್ತೆಗೆ ಹೋಗಿ ಇನ್ನೊಂದು ತಂದೆ. ಅದೂ ಕಪ್ಪು.

ಕೊನೆಗೆ ಡೇಟಾಕ್ಕೆ ತಾಳ ಹಾಕುವ ಕ್ಲಾಕ್ ತಂತಿಗೆ, ಸಿಗ್ನಲ್ ಏರಿಳಿತ ತೋರಿಸುವ ಲಾಜಿಕ್ ಅನಲೈಸರ್ ಹಚ್ಚಿದೆ. ಬೋರ್ಡ್ ಆನ್ ಆದ ಕೂಡಲೇ ಒಂದಿಷ್ಟು ಪಲ್ಸ್ ಸರಸರ ಹೋದವು. ಆಮೇಲೆ ಆ ತಂತಿ ಸೆಕೆಂಡಿಗೊಮ್ಮೆ ಮೇಲೆ, ಸೆಕೆಂಡಿಗೊಮ್ಮೆ ಕೆಳಗೆ. ಅದು ಎಸ್‌ಪಿಐ ಕ್ಲಾಕ್ ಅಲ್ಲವೇ ಅಲ್ಲ, ಎಲ್‌ಇಡಿ ಮಿನುಗುವ ಲಯ! ಅರ್ಡುಯಿನೋ ಹೆಡರ್‌ನಲ್ಲಿ 13ನೇ ಪಿನ್ ಎಸ್‌ಪಿಐ ಕ್ಲಾಕ್ ಕೂಡ ಹೌದು, ಬೋರ್ಡ್ ಮೇಲಿನ ಎಲ್‌ಇಡಿ ಕೂಡ ಹೌದು. ಹಳೆಯ ಮಿನುಗು ಕೋಡ್ ನಾನು ತೆಗೆಯದೆ ಬಿಟ್ಟಿದ್ದೆ. ಒಂದೇ ಪಿನ್ನಿಗೆ ಇಬ್ಬರು ಯಜಮಾನರು ಇದ್ದರು. ಇಬ್ಬರ ಹೆಸರೂ ಹಾರ್ಡ್‌ವೇರ್ ವಿವರಿಸುವ ಡಿವೈಸ್ ಟ್ರೀ ಫೈಲ್‌ನಲ್ಲೇ ಇತ್ತು. ಆದರೂ ಯಾರೂ ಒಂದು ಎಚ್ಚರಿಕೆ ಕೊಡಲಿಲ್ಲ.

ಯಾಕೆ ಕೊಡಲಿಲ್ಲ ಅಂತ ಹುಡುಕುತ್ತಾ ಹೋದಾಗ ಈ ಫೈಲ್‌ಗಳ ಕಥೆ ನನಗೆ ತಿಳಿಯಿತು. ಅದು ಮೈಕ್ರೋಕಂಟ್ರೋಲರ್‌ಗಳಲ್ಲಿ ಶುರುವಾದ ಕಥೆಯೇ ಅಲ್ಲ.

ಮೊದಲು ಪಿನ್ ವಿಷಯ ನೋಡೋಣ. ಚಿಪ್ ಒಳಗೆ ಡೇಟಾ ಕಳುಹಿಸಿ ಪಡೆಯುವ ಯುಆರ್ಟ್, ಎಸ್‌ಪಿಐ, ಐ2ಸಿ, ಸಮಯ ಅಳೆಯುವ ಟೈಮರ್, ಪಲ್ಸ್ ಅಗಲ ಬದಲಿಸುವ ಪಿಡಬ್ಲ್ಯೂಎಂ ಅಂತ ಹತ್ತಾರು ಘಟಕಗಳಿರುತ್ತವೆ. ಹೊರಗೆ ಕಾಣುವ ಕಾಲುಗಳು ಅಷ್ಟೊಂದು ಇರುವುದಿಲ್ಲ. ಕಾಲು ಜಾಸ್ತಿ ಆದರೆ ಚಿಪ್ ದೊಡ್ಡದಾಗುತ್ತದೆ, ಬೆಲೆಯೂ ಏರುತ್ತದೆ. ಹಾಗಾಗಿ ಒಂದೇ ಕಾಲಿಗೆ ಹಲವು ಕೆಲಸ. ನಮ್ಮೂರಿನ ಶಾಲೆಯ ಕಟ್ಟಡ ಇದ್ದ ಹಾಗೆ. ದಿನಾಲೂ ಪಾಠ ನಡೆಯುತ್ತದೆ, ಚುನಾವಣೆ ಬಂದರೆ ಅದೇ ಮತಗಟ್ಟೆ, ಮಳೆ ಜೋರಾಗಿ ಊರಿಗೆ ನೀರು ನುಗ್ಗಿದರೆ ಅದೇ ಗಂಜಿ ಕೇಂದ್ರ. ಒಂದು ಹೊತ್ತಿಗೆ ಒಂದೇ ಕೆಲಸ. ಯಾವ ಕೆಲಸ ಅಂತ ಯಾರಾದರೂ ತೀರ್ಮಾನ ಮಾಡಬೇಕು. ಈ ತೀರ್ಮಾನಕ್ಕೆ ಪಿನ್ ಮಕ್ಸ್ ಅನ್ನುತ್ತಾರೆ. ಇದರ ಜೊತೆಗೆ ಸುಮ್ಮನಿರುವ ಪಿನ್ ಅನ್ನು ಮೇಲಕ್ಕೆಳೆಯುವ ಪುಲ್-ಅಪ್ ಬೇಕೋ ಕೆಳಕ್ಕೆಳೆಯುವ ಪುಲ್-ಡೌನ್ ಬೇಕೋ, ಕೆಳಕ್ಕೆ ಮಾತ್ರ ಎಳೆಯುವ ಓಪನ್ ಡ್ರೇನ್ ಇರಬೇಕೋ, ಸಿಗ್ನಲ್ ಎಷ್ಟು ವೇಗವಾಗಿ ಏರಬೇಕು ಅನ್ನುವ ಸೆಟ್ಟಿಂಗ್‌ಗಳೂ ಇವೆ.

ಹಳೆಯ ಪುಟ್ಟ ಚಿಪ್‌ಗಳಲ್ಲಿ ಇದು ತಲೆನೋವಾಗಿರಲಿಲ್ಲ. ಅರ್ಡುಯಿನೋ ಉನೋದಲ್ಲಿರುವ ಎಟಿಮೆಗಾ328ಪಿ ನೋಡಿ. ಅದರ ಯುಆರ್ಟ್ ಯಾವ ಪಿನ್ನಲ್ಲಿ ಬರಬೇಕು ಅನ್ನುವುದು ಚಿಪ್‌ನಲ್ಲೇ ಗಟ್ಟಿ. ಆಯ್ಕೆಯೇ ಇಲ್ಲ, ಜಗಳವೂ ಕಡಿಮೆ. ಎಸ್‌ಟಿಎಂ32 ತರಹದ ಚಿಪ್‌ಗಳು ಬಂದ ಮೇಲೆ ಲೆಕ್ಕ ಬದಲಾಯಿತು. ಅವುಗಳ ಎಫ್4 ಸರಣಿಯಲ್ಲಿ ಪ್ರತಿ ಪಿನ್ನಿಗೂ 0ಯಿಂದ 15ರವರೆಗೆ ಬದಲಿ ಕೆಲಸಗಳ ಸಂಖ್ಯೆ ಇದೆ. ಡೇಟಾಶೀಟ್‌ನ ಉದ್ದನೆಯ ಕೋಷ್ಟಕದಲ್ಲಿ ಬೆರಳಿಟ್ಟು ಹುಡುಕಬೇಕು. ಪಿಎ9 ಅನ್ನುವ ಪಿನ್ನಲ್ಲಿ ಮೊದಲನೇ ಯುಎಸ್‌ಆರ್ಟ್‌ನ (ಯುಆರ್ಟ್‌ನದ್ದೇ ಇನ್ನೊಂದು ರೂಪ) ಕಳುಹಿಸುವ ತಂತಿ ಬೇಕಾದರೆ ಸಂಖ್ಯೆ 7. ಇದನ್ನು ಸಿ ಕೋಡ್‌ನಲ್ಲಿ, ಬೋರ್ಡ್ ಶುರುವಾಗುವ ಕಡೆ ಬರೆಯುತ್ತಿದ್ದೆವು. ಒಂದೇ ಬೋರ್ಡ್ ಇದ್ದರೆ ಏನೂ ತೊಂದರೆ ಇಲ್ಲ. ಅದೇ ಪ್ರೋಗ್ರಾಂ ಮೂರು ಬೋರ್ಡ್‌ಗಳಲ್ಲಿ ಓಡಬೇಕು ಅಂದಾಗ ಕೋಡ್ ತುಂಬಾ ಷರತ್ತುಗಳ ಕಾಡು ಬೆಳೆಯುತ್ತದೆ.

ಇದೇ ಕಾಡು ಲಿನಕ್ಸ್‌ನಲ್ಲಿ ಊರಗಲ ಬೆಳೆದಿತ್ತು. ಪಿಸಿಯಲ್ಲಿ ಪಿಸಿಐ, ಯುಎಸ್‌ಬಿ ಸಾಧನಗಳು ತಾವು ಯಾರು ಅಂತ ತಾವೇ ಹೇಳಿಕೊಳ್ಳುತ್ತವೆ. ಫೋನ್, ಪುಟ್ಟ ಬೋರ್ಡ್‌ಗಳಲ್ಲಿರುವ ಆರ್ಮ್ ಚಿಪ್‌ಗಳಲ್ಲಿ ಹಾಗಿಲ್ಲ. ಐ2ಸಿ ತಂತಿಯಲ್ಲಿ ಕೂತ ಸೆನ್ಸರ್ ತಾನಾಗಿ ಬಾಯಿ ಬಿಡುವುದಿಲ್ಲ. ಯಾವ ವಿಳಾಸದಲ್ಲಿ ಏನಿದೆ, ಯಾವ ಪಿನ್ ಎಲ್ಲಿಗೆ ಹೋಗಿದೆ ಅನ್ನುವುದನ್ನು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೆ ಯಾರಾದರೂ ಮೊದಲೇ ಹೇಳಬೇಕು. ಅದಕ್ಕೆ ಪ್ರತಿ ಬೋರ್ಡಿಗೂ ಒಂದೊಂದು ಸಿ ಫೈಲ್ ಬರೆಯುತ್ತಿದ್ದರು. ಬೋರ್ಡ್ ಫೈಲ್ ಅಂತಲೇ ಅದರ ಹೆಸರು. ಸ್ಮಾರ್ಟ್‌ಫೋನ್ ಕಾಲ ಬಂತು, ಬೋರ್ಡ್‌ಗಳು ಸಾಲುಗಟ್ಟಿ ಬಂದವು, ಫೈಲ್‌ಗಳೂ ಬಂದವು. ಒಬ್ಬೊಬ್ಬ ಚಿಪ್ ತಯಾರಕರದ್ದೂ ಪಿನ್ ಕೋಡ್ ಬೇರೆ ಬೇರೆ ಶೈಲಿ. ಒಂದೇ ಕೆಲಸಕ್ಕೆ ಹತ್ತು ದಾರಿ.

2011ರ ಮಾರ್ಚ್‌ನಲ್ಲಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ತಾಳ್ಮೆ ಕಳೆದುಕೊಂಡರು. ಆರ್ಮ್ ಕೋಡ್‌ನ ಈ ಗೋಜಲಿನ ಬಗ್ಗೆ ಕರ್ನಲ್ ಡೆವಲಪರ್‌ಗಳ ನಡುವೆ ಬಹಿರಂಗವಾಗಿ, ಒರಟು ಮಾತಿನಲ್ಲೇ ಸಿಟ್ಟು ತೋಡಿಕೊಂಡರು. ಮಾತು ಒರಟಾಗಿದ್ದರೂ ದೂರು ನ್ಯಾಯವಾದದ್ದು ಅಂತ ನನ್ನ ಭಾವನೆ. ಬೋರ್ಡ್ ಮೇಲೆ ತಂತಿ ಹೇಗೆ ಓಡಿದೆ ಅನ್ನುವುದು ಒಂದು ಮಾಹಿತಿ. ಅದನ್ನು ಕೋಡ್ ಅಂತ ಬರೆದರೆ ಬೋರ್ಡ್ ಬದಲಾದಾಗಲೆಲ್ಲ ಕರ್ನಲ್ಲೇ ಬದಲಾಗಬೇಕು.

ಪರಿಹಾರ ಹೊಸದಾಗಿ ಹುಟ್ಟಲಿಲ್ಲ. ಪಕ್ಕದ ಮನೆಯಲ್ಲೇ ಇತ್ತು. ಸನ್ ಕಂಪನಿಯ ಕಂಪ್ಯೂಟರ್‌ಗಳಲ್ಲಿ ಹಾರ್ಡ್‌ವೇರ್ ಅನ್ನು ಒಂದು ಮರದ ಹಾಗೆ ವಿವರಿಸುವ ಪದ್ಧತಿ ಇತ್ತು. ಅದು ಓಪನ್ ಫರ್ಮ್‌ವೇರ್ ಅನ್ನುವ ಹೆಸರಲ್ಲಿ 1994ರಲ್ಲಿ ಐಇಇಇ 1275 ಮಾನದಂಡವಾಯಿತು. ಆ್ಯಪಲ್‌ನ ಪವರ್‌ಪಿಸಿ ಚಿಪ್ ಇದ್ದ ಮ್ಯಾಕ್‌ಗಳೂ ಅದನ್ನೇ ಬಳಸಿದವು. 2005ರ ಹೊತ್ತಿಗೆ ಲಿನಕ್ಸ್‌ನ ಪವರ್‌ಪಿಸಿ ಬಳಗದವರು ಈ ಮರವನ್ನು ಚಪ್ಪಟೆ ಮಾಡಿ ಒಂದು ಬೈನರಿ ಫೈಲ್‌ಗೆ ಇಳಿಸಿದರು. ಅಷ್ಟು ದೊಡ್ಡ ಫರ್ಮ್‌ವೇರ್ ಇಲ್ಲದ ಪುಟ್ಟ ಬೋರ್ಡ್‌ಗಳೂ ಅದನ್ನು ಬಳಸುವಂತಾಯಿತು. ಆರ್ಮ್ ಬಳಗ 2011ರ ನಂತರ ಈ ದಾರಿಯನ್ನೇ ಗಟ್ಟಿಯಾಗಿ ಹಿಡಿಯಿತು. ಡಿವೈಸ್ ಟ್ರೀ ಅಂದರೆ ಇದೇ.

ಆದರೆ ಹಳೆಯ ಮರದಲ್ಲಿ ಪಿನ್ನುಗಳಿಗೆ ಜಾಗವೇ ಇರಲಿಲ್ಲ! ಲಿನಕ್ಸ್‌ನಲ್ಲಿ ಪಿನ್ ಹಂಚಿಕೆ ದೊಡ್ಡ ತಲೆನೋವಾದದ್ದು ಆರ್ಮ್ ಚಿಪ್‌ಗಳ ಜೊತೆ. ಅದಕ್ಕೆ ಉತ್ತರ ಕೊಟ್ಟವರು ಸ್ವೀಡನ್ನಿನ ಲಿನಸ್ ವಾಲೇ. ಹೆಸರು ಒಂದೇ ಆದರೂ ಇವರು ಬೇರೆ ಲಿನಸ್. ಅವರು ಬರೆದ ಪಿನ್ ಕಂಟ್ರೋಲ್ ವ್ಯವಸ್ಥೆ 2012ರ ಜನವರಿಯಲ್ಲಿ ಬಂದ ಲಿನಕ್ಸ್ 3.2ರಲ್ಲಿ ಸೇರಿತು. ಅದೇ ವರ್ಷ ಡಿವೈಸ್ ಟ್ರೀಯಿಂದ ಪಿನ್ ಸೆಟ್ಟಿಂಗ್ ಓದುವ ಪದ್ಧತಿಯೂ ಬಂತು.

ಇದರ ಕಲ್ಪನೆ ಸರಳ. ಪ್ರತಿ ಸಾಧನಕ್ಕೂ ಕೆಲವು ಸ್ಥಿತಿಗಳು. ಸಾಮಾನ್ಯ ಸ್ಥಿತಿಗೆ ಡಿಫಾಲ್ಟ್ ಅಂತ ಹೆಸರು, ಮಲಗಿದಾಗ ಸ್ಲೀಪ್. ಒಂದೊಂದು ಸ್ಥಿತಿಗೂ ಒಂದು ಪಿನ್ ಪಟ್ಟಿ. ಮರದ ಕೊಂಬೆಯಂಥ ಯುಆರ್ಟ್ ನೋಡ್‌ನಲ್ಲಿ "ನನ್ನ ಡಿಫಾಲ್ಟ್ ಪಿನ್ನುಗಳು ಆ ಪಟ್ಟಿಯಲ್ಲಿವೆ" ಅಂತ ಬೆರಳು ತೋರಿಸಿದರೆ ಸಾಕು. 2013ರಿಂದ ಸಾಧನವನ್ನು ನಡೆಸುವ ಡ್ರೈವರ್ ಏಳುವ ಮೊದಲೇ ಕರ್ನಲ್ ತಾನೇ ಆ ಡಿಫಾಲ್ಟ್ ಸ್ಥಿತಿ ಹಾಕಿಬಿಡುತ್ತದೆ. ಡ್ರೈವರ್ ಬರೆಯುವವರು ಪಿನ್ ಬಗ್ಗೆ ಯೋಚಿಸಬೇಕಾದ ಅಗತ್ಯವೇ ಹೆಚ್ಚಿನ ಕಡೆ ಹೋಯಿತು. ನನಗೆ ಈ ಇಡೀ ಕಥೆಯಲ್ಲಿ ಅತಿ ಇಷ್ಟವಾದ ಹೆಜ್ಜೆ ಇದೇ.

ಅದು ಹವ್ಯಾಸಿಗಳ ಕೈಗೆ ಬಂದದ್ದು ಬೀಗಲ್‌ಬೋನ್ ಬ್ಲ್ಯಾಕ್ ಮೂಲಕ. 2013ರ ಏಪ್ರಿಲ್‌ನಲ್ಲಿ ಬಂದ ಈ ಬೋರ್ಡ್‌ನಲ್ಲಿ ಪಿನ್ ಬದಲಾಯಿಸಬೇಕಾದರೆ ಡಿವೈಸ್ ಟ್ರೀ ತುಣುಕು, ಅಂದರೆ ಓವರ್‌ಲೇ ಬರೆಯಬೇಕಿತ್ತು. ಅದರ ಪಿ9 ಹೆಡರ್‌ನ 22ನೇ ಪಿನ್ ನೋಡಿ. ಮೋಡ್ 0ರಲ್ಲಿ ಎಸ್‌ಪಿಐ ಕ್ಲಾಕ್, 1ರಲ್ಲಿ ಎರಡನೇ ಯುಆರ್ಟ್‌ನ ಕೇಳಿಸಿಕೊಳ್ಳುವ ತಂತಿ, 2ರಲ್ಲಿ ಐ2ಸಿ ಡೇಟಾ, 3ರಲ್ಲಿ ಪಿಡಬ್ಲ್ಯೂಎಂ, 7ರಲ್ಲಿ ಸಾದಾ ಜಿಪಿಐಒ, ಅಂದರೆ ಕೋಡ್ ನೇರವಾಗಿ ಓದಿ ಬರೆಯುವ ಪಿನ್. ಇದನ್ನು ಫೈಲ್‌ನಲ್ಲಿ ಬರೆಯುತ್ತಿದ್ದದ್ದು ಹೇಗೆ? ಎರಡು ಹೆಕ್ಸ್ (ಹದಿನಾರರ ಲೆಕ್ಕದ) ಸಂಖ್ಯೆಗಳು. ಮೊದಲನೆಯದು 150, ಅದು ಪಿನ್ ಸೆಟ್ಟಿಂಗ್ ಕೂರುವ ರಿಜಿಸ್ಟರ್ ಇರುವ ಜಾಗ. ಎರಡನೆಯದು ಉದಾಹರಣೆಗೆ 37. ಅದರಲ್ಲಿ ಕೆಳಗಿನ ಮೂರು ಬಿಟ್ ಮೋಡ್ 7, ಆಮೇಲಿನ ಬಿಟ್ ಸೊನ್ನೆ ಇದ್ದರೆ ಪುಲ್ ಇದೆ ಅಂತ ಅರ್ಥ, ಅದರ ಮುಂದಿನದ್ದು ಒಂದಾದರೆ ಪುಲ್ ಮೇಲಕ್ಕೆ, ಅದರಾಚೆಯದ್ದು ಒಂದಾದರೆ ಇನ್‌ಪುಟ್ ಚಾಲೂ. 37ರ ಬದಲು 27 ಅಂತ ಬರೆದರೆ ಪುಲ್ ಕೆಳಕ್ಕೆ. ಒಂದೇ ಅಂಕಿ ತಪ್ಪಿದರೆ ಬಟನ್ ಒತ್ತಿದ್ದೂ ಬಿಟ್ಟದ್ದೂ ಒಂದೇ.

ಇದನ್ನು ವಿವರಣೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಕೋಡ್‌ನಲ್ಲಿದ್ದ ಗೂಢ ಸಂಖ್ಯೆ ಫೈಲ್‌ಗೆ ಜಾಗ ಬದಲಿಸಿತು, ಅಷ್ಟೇ. ಓದುವ ಮನುಷ್ಯನಿಗೆ ಏನೂ ಸಿಗಲಿಲ್ಲ. "ಬಯಾಸ್ ಪುಲ್ ಅಪ್", "ಡ್ರೈವ್ ಓಪನ್ ಡ್ರೇನ್" ಅನ್ನುವ ಹೆಸರುಗಳು ಎಲ್ಲ ಚಿಪ್‌ಗಳಿಗೂ ಸಾಮಾನ್ಯವಾಗಿ ಬಳಕೆಗೆ ಬಂದ ಮೇಲೆ ಈ ಫೈಲ್‌ಗಳನ್ನು ಓದಿ ಅರ್ಥ ಮಾಡಿಕೊಳ್ಳಬಹುದು ಅನ್ನಿಸಿತು.

ರಾಸ್‌ಬೆರಿ ಪೈ ಬಳಸುವವರಿಗೆ 2015ರ ಶುರು ನೆನಪಿರಬಹುದು. 3.18ನೇ ಕರ್ನಲ್ ಜೊತೆ ಡಿವೈಸ್ ಟ್ರೀ ಬಂತು. ಅಪ್‌ಡೇಟ್ ಮಾಡಿದ ಎಷ್ಟೋ ಜನರ ಐ2ಸಿ ಸೆನ್ಸರ್‌ಗಳು ಸುಮ್ನೆ ಮಾಯವಾದವು. ಕಾನ್ಫಿಗ್ ಫೈಲ್‌ನಲ್ಲಿ ಐ2ಸಿ ಆನ್ ಅನ್ನುವ ಒಂದು ಸಾಲು ಸೇರಿಸಿದರೆ ವಾಪಸ್. ಆದರೆ ಆ ಸಾಲು ಗೊತ್ತಾಗುವವರೆಗೆ ಎಷ್ಟು ಜನ ತಂತಿ ಬಿಚ್ಚಿ ಕಟ್ಟಿ ಮಾಡಿದರೋ.

ಇನ್ನು ಮೈಕ್ರೋಕಂಟ್ರೋಲರ್‌ಗೆ ಬರೋಣ. ಲಿನಕ್ಸ್ ಬೋರ್ಡಿನಲ್ಲಿ ಡಿವೈಸ್ ಟ್ರೀ ಫೈಲ್ ಹಲವು ಹತ್ತು ಕಿಲೋಬೈಟ್ ಇರುತ್ತದೆ, ಬೂಟ್ ಆಗುವಾಗ ಕರ್ನಲ್ ಅದನ್ನು ಓದಿಕೊಳ್ಳುತ್ತದೆ. ಎಟಿಮೆಗಾ328ಪಿಯಲ್ಲಿ ಇರುವ ರ‍್ಯಾಮ್ ಒಟ್ಟು 2 ಕಿಲೋಬೈಟ್. ನಾರ್ಡಿಕ್‌ನ ಎನ್‌ಆರ್‌ಎಫ್52832ರಲ್ಲಿ 64. ಇಂಥ ಕಡೆ ಮರವನ್ನು ಹೊತ್ತುಕೊಂಡು ಓಡಾಡುವುದು ಆಗುವ ಮಾತಲ್ಲ, ಅಲ್ವಾ?

2016ರಲ್ಲಿ ಲಿನಕ್ಸ್ ಫೌಂಡೇಶನ್ ಅಡಿಯಲ್ಲಿ ಶುರುವಾದ ಜೆಫಿರ್ ಯೋಜನೆ ಬೇರೆ ದಾರಿ ಹಿಡಿಯಿತು. ಫೈಲ್ ಅದೇ, ಬರವಣಿಗೆಯ ರೀತಿ ಅದೇ. ಆದರೆ ಬಿಲ್ಡ್ ಆಗುವಾಗಲೇ ಪೈಥಾನ್ ಸ್ಕ್ರಿಪ್ಟ್‌ಗಳು ಇಡೀ ಮರವನ್ನು ಓದಿ ಒಂದು ಸಿ ಹೆಡರ್ ಫೈಲ್ ಮಾಡುತ್ತವೆ. ಅದರ ತುಂಬಾ ಮ್ಯಾಕ್ರೋಗಳು, ಅಂದರೆ ಬೆಲೆ ತುಂಬಿದ ಹೆಸರುಗಳು. ಕಂಪೈಲರ್ ಬೇಕಾದಷ್ಟನ್ನೇ ಉಳಿಸಿ ಮಿಕ್ಕದ್ದನ್ನು ಬಿಡುತ್ತದೆ. ಚಿಪ್‌ಗೆ ಹೋಗುವ ಹೊತ್ತಿಗೆ ಮರ ಕರಗಿ ಹೋಗಿರುತ್ತದೆ. ಬಹಳ ಜಾಣ ಉಪಾಯ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಫೈಲ್‌ನಲ್ಲಿ ಒಂದು ಹೆಸರು ತಪ್ಪಾದರೆ ಕಂಪೈಲರ್ ಕೊಡುವ ದೋಷ ಸಂದೇಶ ಗೆರೆಗಟ್ಟಲೆ ಉದ್ದ, ಅದರಲ್ಲಿ ನೀವು ಬರೆದ ಪದ ಹುಡುಕುವುದೇ ಒಂದು ಕೆಲಸ. ಹೊಸಬರು ಇಲ್ಲಿ ಕೈಚೆಲ್ಲುವುದನ್ನು ನಾನು ನೋಡಿದ್ದೇನೆ, ಅವರ ಮೇಲೆ ತಪ್ಪು ಹೊರಿಸಲು ಆಗುವುದಿಲ್ಲ.

ಪಿನ್ನುಗಳು ಮಾತ್ರ ಜೆಫಿರ್‌ನಲ್ಲೂ ತಡವಾಗಿಯೇ ಮರ ಹತ್ತಿದವು. ಮೊದಮೊದಲು ಅನೇಕ ಬೋರ್ಡ್‌ಗಳಿಗೆ ಪಿನ್ ಮಕ್ಸ್ ಅನ್ನುವ ಹೆಸರಿನ ಸಿ ಫೈಲ್ ಇರುತ್ತಿತ್ತು. ಮತ್ತೆ ಅದೇ ಹಳೆಯ ಬೋರ್ಡ್ ಫೈಲ್ ಕಥೆ. ಕೆಲವು ಚಿಪ್‌ಗಳಿಗೆ ನೋಡ್‌ನಲ್ಲೇ ಪಿನ್ ಸಂಖ್ಯೆ ಬರೆಯುವ ಪದ್ಧತಿ ಇತ್ತು. 2022ರ ಫೆಬ್ರವರಿಯ 3.0 ಆವೃತ್ತಿಯಲ್ಲಿ ಎಲ್ಲರಿಗೂ ಒಂದೇ ಪಿನ್ ಕಂಟ್ರೋಲ್ ಪದ್ಧತಿ ಬಂತು. ಲಿನಕ್ಸ್‌ನದ್ದೇ ಕಲ್ಪನೆ: ಡಿಫಾಲ್ಟ್, ಸ್ಲೀಪ್, ಪಟ್ಟಿ.

ಈಗ ಎಸ್‌ಟಿಎಂ32 ಬೋರ್ಡಿನ ಫೈಲ್ ತೆರೆದರೆ ಎರಡನೇ ಯುಎಸ್‌ಆರ್ಟ್‌ನ ಮುಂದೆ ಪಿಎ2, ಪಿಎ3 ಅಂತ ಹೆಸರಿನಲ್ಲೇ ಪಿನ್ ಕಾಣುತ್ತದೆ. 0ಯಿಂದ 15ರ ಸಂಖ್ಯೆ ನೀವು ಬರೆಯಬೇಕಿಲ್ಲ. ಚಿಪ್ ತಯಾರಕರ ಮಾಹಿತಿಯಿಂದ ಸ್ಕ್ರಿಪ್ಟ್ ಮೂಲಕ ತಯಾರಾದ ಫೈಲ್‌ಗಳು ಆ ಕೆಲಸ ಮಾಡಿಕೊಡುತ್ತವೆ. ಡೇಟಾಶೀಟ್ ಕೋಷ್ಟಕದಲ್ಲಿ ಬೆರಳಿಟ್ಟು ಹುಡುಕಿದವರಿಗೆ ಇದು ಎಷ್ಟು ನೆಮ್ಮದಿ ಅಂತ ಗೊತ್ತು. ನಾರ್ಡಿಕ್ ಚಿಪ್‌ಗಳಲ್ಲಿ ಕಥೆ ಬೇರೆ, ಅಲ್ಲಿ ಹೆಚ್ಚಿನ ಘಟಕಗಳನ್ನು ಬೇಕಾದ ಪಿನ್ನಿಗೆ ಹಾಯಿಸಬಹುದು. ಹಾಗಾಗಿ ಅಲ್ಲಿ ಘಟಕದ ಹೆಸರು, ಪೋರ್ಟ್, ಪಿನ್ ಸಂಖ್ಯೆ ಮೂರನ್ನೂ ಬರೆಯಬೇಕು.

ಒಂದು ಚರ್ಚೆ ಮಾತ್ರ ಇನ್ನೂ ಮುಗಿದಿಲ್ಲ. ಡಿವೈಸ್ ಟ್ರೀ ಹಾರ್ಡ್‌ವೇರ್ ಹೇಗಿದೆ ಅಂತ ಹೇಳಬೇಕೇ ಹೊರತು ಸಾಫ್ಟ್‌ವೇರ್ ಏನು ಮಾಡಬೇಕು ಅಂತ ಹೇಳಬಾರದು ಅನ್ನುವುದು ಮೊದಲಿನಿಂದ ಬಂದ ನಿಯಮ. ಪಿನ್ ಸೆಟ್ಟಿಂಗ್ ಈ ಗಡಿಯ ಮೇಲೆಯೇ ಕೂತಿದೆ. ಸೆನ್ಸರ್ ತಂತಿ ಯಾವ ಕಾಲಿಗೆ ಬೆಸುಗೆಯಾಗಿದೆ ಅನ್ನುವುದು ತಾಮ್ರದ ಸತ್ಯ. ಮಲಗಿದಾಗ ಆ ಕಾಲನ್ನು ಹೇಗೆ ಬಿಡಬೇಕು ಅನ್ನುವುದು ನಿರ್ಧಾರ. ಎರಡೂ ಒಂದೇ ಫೈಲ್‌ನಲ್ಲಿ ಅಕ್ಕಪಕ್ಕ ಇವೆ. ನನಗೆ ಇದು ತಪ್ಪು ಅನ್ನಿಸುವುದಿಲ್ಲ. ಸ್ಲೀಪ್‌ನಲ್ಲಿ ಪಿನ್ ಹೇಗಿರಬೇಕು ಅನ್ನುವುದು ಬೋರ್ಡ್ ಮೇಲಿನ ರೆಸಿಸ್ಟರ್‌ಗಳನ್ನೇ ಅವಲಂಬಿಸುತ್ತದೆ, ಬೋರ್ಡ್ ಗೊತ್ತಿರುವವರೇ ಅದನ್ನು ಬರೆಯಬೇಕು.

ಈಗ ನನ್ನ ಕಪ್ಪು ಪರದೆಗೆ ವಾಪಸ್ ಬರುತ್ತೇನೆ. ಲಿನಕ್ಸ್‌ನ ಪಿನ್ ಕಂಟ್ರೋಲ್ ಒಂದು ಲೆಕ್ಕದ ಪುಸ್ತಕ ಇಡುತ್ತದೆ. ಯಾವ ಪಿನ್ ಯಾರ ಹತ್ತಿರ ಇದೆ ಅಂತ ಓಡುತ್ತಿರುವಾಗಲೇ ಡೀಬಗ್ ಫೈಲ್‌ನಲ್ಲಿ ನೋಡಬಹುದು. ಎರಡು ಸಾಧನಗಳು ಒಂದೇ ಪಿನ್ ಕೇಳಿದರೆ ಎರಡನೆಯದಕ್ಕೆ ಇಲ್ಲ ಅನ್ನುತ್ತದೆ. ಜಿಪಿಐಒ ಬಂದು ಕಿತ್ತುಕೊಳ್ಳುವುದನ್ನು ತಡೆಯಲು ಆ ಚಿಪ್‌ನ ಪಿನ್ ಡ್ರೈವರ್ ಕಟ್ಟುನಿಟ್ಟು ಅಂತ ಹೇಳಿಕೊಂಡಿರಬೇಕು. ಜೆಫಿರ್ ಇಂಥ ಪುಸ್ತಕವನ್ನೇ ಇಡುವುದಿಲ್ಲ. ಅಲ್ಲಿ ಪಿನ್ ಕಂಟ್ರೋಲ್ ಪಟ್ಟಿ ಓದಿ ರಿಜಿಸ್ಟರ್‌ಗೆ ಬರೆದು ಮುಂದೆ ಹೋಗುತ್ತದೆ.

ನನ್ನ ಬೋರ್ಡಿನಲ್ಲಿ ಆದದ್ದೂ ಅದೇ. ಮೊದಲು ಎಸ್‌ಪಿಐ ಡ್ರೈವರ್ ಎದ್ದು ಪಿನ್ ಅನ್ನು ಕ್ಲಾಕ್ ಮಾಡಿತು. ಡಿಸ್‌ಪ್ಲೇ ಡ್ರೈವರ್ ತನ್ನ ಶುರುವಿನ ಮಾತುಗಳನ್ನು ಕಳುಹಿಸಿತು, ನಾನು ಕಂಡ ಸರಸರ ಪಲ್ಸ್‌ಗಳು ಅವೇ. ಆಮೇಲೆ ಮೇನ್ ಫಂಕ್ಷನ್ ಶುರುವಾಗಿ ಎಲ್‌ಇಡಿ ಕೋಡ್ ಅದೇ ಪಿನ್ ಅನ್ನು ಜಿಪಿಐಒ ಮಾಡಿತು. ಕೊನೆಗೆ ಬರೆದವರದ್ದೇ ಪಿನ್.

ಮಿನುಗು ಕೋಡ್ ಅಳಿಸಿದೆ, ಪರದೆ ಬೆಳಗಿತು. ಜೊತೆಗೆ ಓವರ್‌ಲೇಯಲ್ಲಿ ಎರಡು ಸಾಲು ಸೇರಿಸಿದೆ. ಒಂದು ಎಲ್‌ಇಡಿ ನೋಡ್ ಅನ್ನೇ ಅಳಿಸುತ್ತದೆ, ಇನ್ನೊಂದು ಅದರ ಅಲಿಯಾಸ್ (ಅಡ್ಡಹೆಸರು) ಅಳಿಸುತ್ತದೆ. ಈಗ ಆ ಎಲ್‌ಇಡಿ ಬೇಕು ಅನ್ನುವ ಕೋಡ್ ಎಲ್ಲಿ ಉಳಿದಿದ್ದರೂ ಬಿಲ್ಡ್ ಅಲ್ಲೇ ನಿಲ್ಲುತ್ತದೆ.