25 ಡಿಗ್ರಿಯಲ್ಲಿ ಎಲ್ಲ ಸೆನ್ಸರೂ ಪಾಸ್

ಸ್ಮಾರ್ಟ್ ಕಟ್ಟಡ ತನ್ನನ್ನು ತಾನೇ ನೋಡಿಕೊಳ್ಳುತ್ತದೆ, ಒಮ್ಮೆ ಹಾಕಿಸಿದರೆ ಆಯ್ತು, ಆಮೇಲೆ ಮೊಬೈಲ್ ಒಂದಿದ್ದರೆ ಸಾಕು. ಹೀಗೊಂದು ನಂಬಿಕೆ ಇದೆಯಲ್ಲ, ಇದು ಈ ಕಾಲದ ಮೂಢನಂಬಿಕೆ. ಇದನ್ನು ಬಿಡಿಸಲು ಒಂದು ಥರ್ಮಿಸ್ಟರ್ ಸಾಕು.

ಏಸಿ ಡಕ್ಟಿನಲ್ಲೋ ತಣ್ಣೀರಿನ ಪೈಪಿನಲ್ಲೋ ಕೂತು ಉಷ್ಣತೆ ಅಳೆಯುವ ಪುಟ್ಟ ಸೆನ್ಸರ್ ಇದು. ಬಿಸಿ ಏರಿದಂತೆ ಇದರ ರೋಧ ಇಳಿಯುತ್ತದೆ. ಇದನ್ನು ಓದಿ ಏಸಿ ನಡೆಸುವ ಕಂಟ್ರೋಲರಿಗೆ ಡಿಗ್ರಿ ಗೊತ್ತಾಗುವುದಿಲ್ಲ, ಗೊತ್ತಾಗುವುದು ರೋಧದ ಅಳತೆಯಾದ ಓಮ್ ಮಾತ್ರ. ತನ್ನೊಳಗಿನ ಪಟ್ಟಿ ನೋಡಿ ಓಮ್ ಅನ್ನು ಡಿಗ್ರಿಗೆ ತಿರುಗಿಸುತ್ತದೆ. ಕಟ್ಟಡಗಳಲ್ಲಿ ಜಾಸ್ತಿ ಕಾಣುವುದು 10 ಕಿಲೋಓಮ್ ಸೆನ್ಸರ್. ಅದರಲ್ಲಿ ಟೈಪ್ 2, ಟೈಪ್ 3 ಅಂತ ಎರಡು ಜಾತಿ. 25 ಡಿಗ್ರಿಯಲ್ಲಿ ಎರಡೂ 10,000 ಓಮ್ ತೋರಿಸುತ್ತವೆ. ಸೊನ್ನೆ ಡಿಗ್ರಿಯಲ್ಲಿ ಟೈಪ್ 2 ಸುಮಾರು 32,600, ಟೈಪ್ 3 ಸುಮಾರು 29,500. ಎರಡು ರಸ್ತೆ ಒಂದು ಸರ್ಕಲ್ಲಿನಲ್ಲಿ ಕೂಡಿ ಮತ್ತೆ ಬೇರೆಯಾದ ಹಾಗೆ.

ಟೈಪ್ 3 ಸೆನ್ಸರ್ ಹಾಕಿ, ಕಂಟ್ರೋಲರಿನಲ್ಲಿ ಟೈಪ್ 2 ಅಂತ ಆರಿಸಿದರು ಅನ್ನಿ. ಕೋಣೆ 25 ಡಿಗ್ರಿ ಇದೆ, ಸ್ಕ್ರೀನ್ ಕೂಡ 25 ಅನ್ನುತ್ತದೆ. ಎಲ್ಲ ಸರಿ ಇದೆ ಅಂತ ಸಹಿ ಬಿತ್ತು. ಆದರೆ ಪೈಪಿನ ನೀರು 7 ಡಿಗ್ರಿಗೆ ಇಳಿದಾಗ ಅದೇ ಸ್ಕ್ರೀನ್ ಎಂಟೂವರೆ ತೋರಿಸುತ್ತದೆ. ಇನ್ನೂ ತಣ್ಣಗಾಗಿಲ್ಲ ಅಂದುಕೊಂಡು ನೀರು ತಣಿಸುವ ಯಂತ್ರ, ಅಂದರೆ ಚಿಲ್ಲರ್, ಸುಮ್ನೆ ಓಡುತ್ತಲೇ ಇರುತ್ತದೆ. ಅಲಾರಂ ಇಲ್ಲ, ಕರೆಂಟ್ ಬಿಲ್ ಮಾತ್ರ ಏರುತ್ತದೆ.

ಕರೆದು ಕೇಳಿ ನೋಡಿ. ವೈರಿಂಗ್ ಸರಿ ಇದೆ ಅಂತಾನೆ ಎಲೆಕ್ಟ್ರಿಷಿಯನ್. ಕಂಪ್ರೆಸರ್ ಸರಿ ಇದೆ ಅಂತಾನೆ ಏಸಿ ಮೆಕ್ಯಾನಿಕ್. ಡೇಟಾ ಬರ್ತಿದೆ ಅಂತಾನೆ ನೆಟ್‌ವರ್ಕ್‌ನವನು. ಮೂವರೂ ಹೇಳಿದ್ದು ನಿಜವೇ! ತಪ್ಪು ಇರುವುದು ಮೂವರ ಕೆಲಸದ ನಡುವಿನ ಸಂದಿಯಲ್ಲಿ.

ಈ ಸಂದಿ ಮೊದಲಿಂದ ಇರಲಿಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವಾರೆನ್ ಜಾನ್ಸನ್ ಅನ್ನುವ ಮೇಷ್ಟ್ರು 1883ರಲ್ಲಿ ಕೋಣೆಯ ಉಷ್ಣತೆ ತಿಳಿಸುವ ವಿದ್ಯುತ್ ಸಾಧನಕ್ಕೆ ಪೇಟೆಂಟ್ ಪಡೆದರು. ಅದು ಗಂಟೆ ಬಾರಿಸಿದರೆ ಕೆಳಗೆ ಬಾಯ್ಲರ್ ಹತ್ತಿರ ಇದ್ದವನು ಕೈಯಿಂದಲೇ ಗಾಳಿಯ ಹರಿವು ತಡೆಯುವ ಮುಚ್ಚಳ, ಅಂದರೆ ಡ್ಯಾಂಪರ್, ತಿರುಗಿಸುತ್ತಿದ್ದ. ಗಂಟೆ ಯಾಕೆ ಬಾರಿಸಿತು, ತಾನು ತಿರುಗಿಸಿದ್ದರಿಂದ ಏನಾಯಿತು, ಎರಡೂ ಅವನಿಗೆ ಗೊತ್ತಿತ್ತು. ಈಗ ಅವನ ಜಾಗದಲ್ಲಿ ಮೋಟರ್ ಇದೆ.

ಜರ್ಮನಿ 2021ರಲ್ಲಿ ಕಟ್ಟಡದ ಬೇರೆ ಬೇರೆ ವ್ಯವಸ್ಥೆಗಳನ್ನು ಜೋಡಿಸಿ ಈ ಸಂದಿ ತುಂಬುವ ಕೆಲಸಕ್ಕೆಂದೇ ಮೂರೂವರೆ ವರ್ಷದ ಅಪ್ರೆಂಟಿಸ್ ತರಬೇತಿ ಶುರುಮಾಡಿತು. ಉಳಿದೆಡೆ ತರಬೇತಿ ಅಂದರೆ ಹೆಚ್ಚಾಗಿ ಯಾವುದೋ ಒಂದು ಕಂಪನಿಯ ಮೆನು ಕಲಿಸುವುದು. ಸಾಫ್ಟ್‌ವೇರ್ ಬದಲಾದ ದಿನ ಆ ಸರ್ಟಿಫಿಕೇಟೂ ಹಳೇ ಪೇಪರ್, ಅಲ್ವಾ? ಓಮ್ ನಿಯಮ ಮಾತ್ರ ಬದಲಾಗುವುದಿಲ್ಲ.

ಈ ಕೆಲಸಕ್ಕೆ ಬರುವವರ ಪರೀಕ್ಷೆ ಹೀಗಿರಲಿ ಅನ್ನುತ್ತೇನೆ: ಓಡುತ್ತಿರುವ ವ್ಯವಸ್ಥೆಯಲ್ಲಿ ಬೇಕಂತಲೇ ಒಂದು ತಪ್ಪು ಇಟ್ಟು, ಮಲ್ಟಿಮೀಟರ್ ಕೊಟ್ಟು, ಹುಡುಕು ಅನ್ನಬೇಕು. ಇಪ್ಪತ್ತು ವರ್ಷ ವೈರ್ ಎಳೆದವರಿಗೆ ಪದವಿ ಕೇಳದೆ ನೇರ ಪರೀಕ್ಷೆಗೆ ಕೂರಲು ಬಿಡಬೇಕು. ಮೇಲಿನ ತಪ್ಪಿಗೆ ಬೇಕಾದದ್ದು ಒಂದು ಲೋಟ ಐಸ್ ನೀರು ಅಷ್ಟೇ. ಸೆನ್ಸರ್ ಅದ್ದಿ, ಚೆನ್ನಾಗಿ ಕಲಕಿ, ಸ್ಕ್ರೀನ್ ನೋಡಿ. ಸೊನ್ನೆಯ ಬದಲು ಎರಡು ಅಂದರೆ ಪಟ್ಟಿ ಬದಲಿಸಿ.