ರಕ್ತನಾಳ ಕಲ್ಲಾಗದಂತೆ ಕಾಯುವ ಕಿಣ್ವಗಳು

ರಕ್ತನಾಳದಲ್ಲಿ ಕ್ಯಾಲ್ಸಿಯಂ ಕಟ್ಟಿದೆ ಎಂದು ಸ್ಕ್ಯಾನ್ ವರದಿ ಹೇಳಿದ ಕೂಡಲೇ ಹಾಲು ಮೊಸರು ಬಿಡುವವರೂ ಬೋರ್‌ವೆಲ್ಲಿನ ಗಡಸು ನೀರನ್ನು ದೂರುವವರೂ ನಮ್ಮಲ್ಲಿ ಬಹಳ. ಹಂಡೆಯ ತಳದಲ್ಲಿ ಸುಣ್ಣ ಕಟ್ಟುವುದನ್ನು ಕಂಡವರಿಗೆ ಈ ಅನುಮಾನ ಸಹಜವೇ. ಆದರೆ ಹಂಡೆಯಲ್ಲಿ ಕಟ್ಟುವುದು ಮುಖ್ಯವಾಗಿ ಕಾರ್ಬೊನೇಟ್. ರಕ್ತನಾಳದಲ್ಲಿ ಕಟ್ಟುವುದು ಮೂಳೆಯಲ್ಲಿರುವಂಥದೇ ಕ್ಯಾಲ್ಸಿಯಂ ಫಾಸ್ಫೇಟ್. ಆ ಹರಳು ಬೆಳೆಯಲು ಬೇಕಾದಷ್ಟು ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಆರೋಗ್ಯವಂತರ ರಕ್ತದಲ್ಲೂ ಸದಾ ಇರುತ್ತವೆ. ಹಾಗಿದ್ದರೂ ಮೂಳೆ ಹಲ್ಲುಗಳ ಹೊರತು ಉಳಿದ ಅಂಗಗಳು ಮೆತ್ತಗೇ ಉಳಿಯುವುದು ಹೇಗೆ?

1923ರಲ್ಲಿ ಲಂಡನ್ನಿನ ರಾಬರ್ಟ್ ರಾಬಿಸನ್, ಬೆಳೆಯುವ ಮೂಳೆಯಲ್ಲಿ ಫಾಸ್ಫೇಟನ್ನು ಬಿಡಿಸುವ ಕಿಣ್ವವೊಂದಿದೆ ಎಂದು ತೋರಿಸಿದರು. ಇಂದು ರಕ್ತಪರೀಕ್ಷೆಯ ವರದಿಯಲ್ಲಿ ‘ಎಎಲ್‌ಪಿ’ ಎಂದು ಕಾಣುವ ಆಲ್ಕಲೈನ್ ಫಾಸ್ಫಟೇಸ್ ಅದೇ. ಅದರ ಹಿರಿಮೆ ತಿಳಿದದ್ದು 1960ರ ದಶಕದಲ್ಲಿ, ಸ್ವಿಟ್ಜರ್ಲೆಂಡಿನ ಹರ್ಬರ್ಟ್ ಫ್ಲೈಶ್ ಪೈರೋಫಾಸ್ಫೇಟಿನ ಗುಣವನ್ನು ಗುರುತಿಸಿದ ಮೇಲೆ. ಎರಡು ಫಾಸ್ಫೇಟುಗಳು ಕೈಹಿಡಿದುಕೊಂಡಿರುವ ಈ ಪುಟ್ಟ ಅಣು, ಮೂಡುತ್ತಿರುವ ಹರಳಿನ ಮೈಗೆ ಅಂಟಿಕೊಂಡು ಅದು ಮುಂದೆ ಬೆಳೆಯದಂತೆ ತಡೆಯುತ್ತದೆ. ಗೋಡೆ ಕಟ್ಟುವಾಗ ಅಳತೆಗೆ ಹೊಂದದ ಕಲ್ಲೊಂದು ಸೇರಿದರೆ ಮುಂದಿನ ಸಾಲು ಕೂರದಂತೆ. ಕೊಳವೆಗಳಲ್ಲಿ ಸುಣ್ಣ ಕಟ್ಟದಿರಲೆಂದು ಕಾರ್ಖಾನೆಗಳು ನೀರಿಗೆ ಬೆರೆಸುವ ಪಾಲಿಫಾಸ್ಫೇಟುಗಳೂ ಇದೇ ಬಳಗದವು.

ಇಎನ್‌ಪಿಪಿ1 ಎಂಬ ಕಿಣ್ವ, ಜೀವಕೋಶಗಳ ಶಕ್ತಿವಾಹಕ ಅಣುವಾದ ಎಟಿಪಿಯನ್ನು ಸೀಳಿ ಪೈರೋಫಾಸ್ಫೇಟೆಂಬ ಈ ಕಾವಲುಗಾರನನ್ನು ತಯಾರಿಸುತ್ತದೆ. ಆಲ್ಕಲೈನ್ ಫಾಸ್ಫಟೇಸ್ ಅದನ್ನು ಒಡೆದುಹಾಕುತ್ತದೆ, ಒಡೆದಾಗ ಸಿಗುವ ಫಾಸ್ಫೇಟು ಹರಳಿಗೇ ಒದಗುತ್ತದೆ. ಮೂಳೆಗೆ ಈ ಒಡೆಯುವಿಕೆ ಬೇಕೇಬೇಕು. ರಕ್ತನಾಳಕ್ಕೆ ಅದೇ ಅಪಾಯ. ಇಎನ್‌ಪಿಪಿ1 ಜೀನು ಕೆಟ್ಟರೆ ಎಳೆಗೂಸುಗಳ ಅಪಧಮನಿಗಳೇ ಸುಣ್ಣಗಟ್ಟುತ್ತವೆ ಎಂಬುದು 2003ರಲ್ಲಿ ಖಚಿತವಾಯಿತು. ತದ್ವಿರುದ್ಧವಾಗಿ, ಹುಟ್ಟಿನಿಂದಲೇ ಫಾಸ್ಫಟೇಸ್ ಕೊರತೆಯಿರುವವರಲ್ಲಿ ಪೈರೋಫಾಸ್ಫೇಟ್ ತುಂಬಿಕೊಂಡು ಮೂಳೆಗಳು ಮೆತ್ತಗಾಗುತ್ತವೆ. ಅವರಿಗೆ ಕಿಣ್ವವನ್ನೇ ಚುಚ್ಚುಮದ್ದಾಗಿ ಕೊಡುವ ಚಿಕಿತ್ಸೆಗೆ 2015ರಲ್ಲಿ ಒಪ್ಪಿಗೆ ದೊರೆಯಿತು.

2011ರಲ್ಲಿ ಅಮೆರಿಕದ ಸಂಶೋಧಕರು ಕಾಲಿನ ಅಪಧಮನಿಗಳೂ ಕೈಕಾಲಿನ ಕೀಲುಗಳೂ ಸುಣ್ಣಗಟ್ಟಿದ್ದ ಒಡಹುಟ್ಟಿದವರನ್ನು ಪರೀಕ್ಷಿಸಿದರು. ಅವರಲ್ಲಿ ಕೆಟ್ಟಿದ್ದುದು ಸಿಡಿ73 ಎಂಬ ಮತ್ತೊಂದು ಕಿಣ್ವದ ಜೀನು. ಈ ಕಿಣ್ವ ತಯಾರಿಸುವ ಅಡೆನೊಸಿನ್ ಎಂಬ ಅಣು ಇಲ್ಲವಾದಾಗ ಫಾಸ್ಫಟೇಸ್ ಹಿಡಿತ ತಪ್ಪಿ ಹೆಚ್ಚುತ್ತದೆ. ಅವರ ರಕ್ತದಲ್ಲಿ ಕ್ಯಾಲ್ಸಿಯಂ ಸಹಜ ಪ್ರಮಾಣದಲ್ಲೇ ಇತ್ತು.