ಹುಣಸೆಹಣ್ಣು, ಬೂದಿ, ಸುಣ್ಣ: ಗಾದೆಗಳು ಕಂಡ ರಸಾಯನ

ಪಟ್ಟ ಕಷ್ಟವೆಲ್ಲ ವ್ಯರ್ಥವಾಗಿ ಕೈಗೆ ಏನೂ ಉಳಿಯದಿದ್ದರೆ ‘ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು’ ಎನ್ನುತ್ತೇವೆ. ಹೊಳೆಯಲ್ಲಿ ತೊಳೆಯಲು ತರಕಾರಿಯಿದೆ, ಬಟ್ಟೆಯಿದೆ, ಎಮ್ಮೆಯಿದೆ. ಅವೆಲ್ಲವನ್ನೂ ಬಿಟ್ಟು ಹುಣಸೆಹಣ್ಣನ್ನೇ ಯಾಕೆ ಹಿಡಿದುಕೊಂಡರು? ಹುಣಸೆಯ ಹುಳಿಗೆ ಕಾರಣ ಟಾರ್ಟಾರಿಕ್ ಆಮ್ಲ. ಹಣ್ಣಿನ ತಿರುಳಿನ ನೂರು ಭಾಗದಲ್ಲಿ 8ರಿಂದ 18 ಭಾಗ ಇದೇ ಇರುತ್ತದೆ. ಈ ಆಮ್ಲಕ್ಕೆ ನೀರೆಂದರೆ ಪ್ರಾಣ. ಒಂದು ಲೀಟರ್ ನೀರಿನಲ್ಲಿ ಒಂದು ಕಿಲೋಗಿಂತ ಹೆಚ್ಚು ಆಮ್ಲ ಕರಗುತ್ತದೆ. ಜೊತೆಗಿರುವ ಸಕ್ಕರೆಯೂ ಅಷ್ಟೇ ಸಲೀಸಾಗಿ ಕರಗುತ್ತದೆ. ಹರಿಯುವ ನೀರಿನಲ್ಲಿ ಹುಣಸೆಹಣ್ಣನ್ನು ಕಿವುಚಿದವನ ಕೈಯಲ್ಲಿ ನಾರು ಮತ್ತು ಬೀಜ ಉಳಿಯುತ್ತವೆ, ಹುಳಿಯೂ ಸಿಹಿಯೂ ಹೊಳೆಯ ಪಾಲಾಗುತ್ತವೆ. ಬೇರೆ ಯಾವ ಪದಾರ್ಥ ಇಟ್ಟರೂ ಈ ಗಾದೆ ಇಷ್ಟು ಕರಾರುವಾಕ್ಕಾಗಿ ನಿಲ್ಲುತ್ತಿರಲಿಲ್ಲ.

ನಮ್ಮ ಹಳ್ಳಿಗಳ ನಗೆಮಾತುಗಳನ್ನು ಹೀಗೆ ಓದುವುದು ನನಗೆ ಬಹಳ ಇಷ್ಟ. ಹಾಸ್ಯ ಮಾಡಲು ಅವರು ಎತ್ತಿಕೊಂಡದ್ದು ದಿನವೂ ಕೈಯಲ್ಲಿ ಹಿಡಿದ ವಸ್ತುಗಳನ್ನು. ಯಾವುದು ಕರಗುತ್ತದೆ, ಯಾವುದು ಸುಡುತ್ತದೆ, ಯಾವುದು ಬಣ್ಣ ಬದಲಿಸುತ್ತದೆ ಎಂಬುದು ಚೆನ್ನಾಗಿ ಗೊತ್ತಿದ್ದವರಷ್ಟೇ ಇಂಥ ಮಾತು ಕಟ್ಟಬಲ್ಲರು. ‘ಹುಣಸೆ ಮುಪ್ಪಾದರೆ ಹುಳಿ ಮುಪ್ಪೇ’ ಎಂದು ರಸಿಕ ಮುದುಕರನ್ನು ಛೇಡಿಸುವ ಗಾದೆಯನ್ನೇ ನೋಡಿ. ಗಾದೆ ಹೇಳುವುದು ಮರದ ಮುಪ್ಪನ್ನು. ಆದರೆ ಹಣ್ಣಿನ ಮಟ್ಟಿಗೂ ಅದು ನಿಜ. ಮಾವಿನಕಾಯಿ ಹಣ್ಣಾಗುವಾಗ ತನ್ನ ಆಮ್ಲವನ್ನು ತಾನೇ ಉರುವಲಾಗಿ ಖರ್ಚು ಮಾಡಿಕೊಳ್ಳುತ್ತದೆ, ಹಾಗಾಗಿ ಹುಳಿ ಇಳಿಯುತ್ತದೆ. ಹುಣಸೆ ತನ್ನ ಟಾರ್ಟಾರಿಕ್ ಆಮ್ಲವನ್ನು ಹಾಗೆ ಖರ್ಚು ಮಾಡುವುದಿಲ್ಲ. ಹಣ್ಣಾದಂತೆ ಸಕ್ಕರೆ ಏರುತ್ತದೆ, ಹುಳಿ ಮಾತ್ರ ಇದ್ದಲ್ಲೇ ಇರುತ್ತದೆ. ಒಂದೇ ತುಣುಕಿನಲ್ಲಿ ಸಿಹಿಯೂ ಹುಳಿಯೂ ಒಟ್ಟಿಗೆ ನಾಲಿಗೆಗೆ ಸಿಗುವುದು ಇದರಿಂದಲೇ.

ಈ ಆಮ್ಲ ಸಾರಿಗೆ ಎಷ್ಟು ಬೇಕೋ ಪಾತ್ರೆ ತಿಕ್ಕುವುದಕ್ಕೂ ಅಷ್ಟೇ ಬೇಕಾಗಿತ್ತು. ತಾಮ್ರದ ಹಂಡೆ ಗಾಳಿಗೆ ಕಪ್ಪಾಗುತ್ತದೆ, ತೇವ ನಿಂತಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ಮೊದಲನೆಯದು ತಾಮ್ರದ ಆಕ್ಸೈಡ್, ಎರಡನೆಯದು ಬಹುಮಟ್ಟಿಗೆ ಕಾರ್ಬೊನೇಟ್. ಹುಣಸೆಹುಳಿ ಈ ಎರಡನ್ನೂ ಕರಗಿಸುತ್ತದೆ, ಕೆಳಗಿನ ಲೋಹವನ್ನು ಅಷ್ಟಾಗಿ ಮುಟ್ಟುವುದಿಲ್ಲ. ತಾಮ್ರ ಆಮ್ಲಕ್ಕೆ ಸುಲಭವಾಗಿ ಸೋಲುವ ಲೋಹವಲ್ಲ. ಹಳೆಯ ಹುಣಸೆಹಣ್ಣಿಗೆ ಚಿಟಿಕೆ ಉಪ್ಪು ಸೇರಿಸಿ ಚೊಂಬಿನ ಮೇಲೆ ಬೆರಳಿನಿಂದ ಎಳೆದರೆ, ಬೆರಳು ಹೋದ ದಾರಿಯಲ್ಲೇ ಗುಲಾಬಿ ಬಣ್ಣದ ಗೆರೆ ಮೂಡುತ್ತದೆ. ಆದರೆ ಅದೇ ಹುಳಿ ಸಾರನ್ನು ಹಿತ್ತಾಳೆಯ ಪಾತ್ರೆಯಲ್ಲಿ ರಾತ್ರಿಯಿಡೀ ಬಿಟ್ಟರೆ ಕಥೆ ಬೇರೆ. ಗಾಳಿಯ ಆಮ್ಲಜನಕವೂ ಜೊತೆಗೂಡಿ ಹಿತ್ತಾಳೆಯಲ್ಲಿರುವ ತಾಮ್ರ ನಿಧಾನವಾಗಿ ಸಾರಿಗೆ ಇಳಿಯುತ್ತದೆ. ಅದನ್ನು ಉಂಡವರಿಗೆ ವಾಂತಿಯಾಗಬಹುದು. ಇದಕ್ಕೆಂದೇ ಕಲಾಯಿ ಹಾಕುವವರು ಊರೂರು ಸುತ್ತುತ್ತಿದ್ದರು. ತಿದಿಯೊತ್ತಿ ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರವನ್ನು ಮುಟ್ಟಿಸಿ ಅರಳೆಯಿಂದ ಒರೆಸಿದರೆ ಒಳಮೈ ಕ್ಷಣದಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು. ತವರ 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ ಬೀದಿಬದಿಯ ಇದ್ದಿಲ ಒಲೆ ಸಾಕು. ಮೂಗಿಗೆ ಬಡಿಯುತ್ತಿದ್ದ ಆ ಘಾಟಿನ ಬಿಳಿ ಹೊಗೆಯೇ ಕೆಲಸದ ಗುಟ್ಟು: ನವಸಾಗರ ಕಾದಾಗ ಒಡೆದು ಹೊರಬರುವ ಆಮ್ಲ ಲೋಹದ ಮೇಲಿನ ಆಕ್ಸೈಡ್ ಪದರವನ್ನು ತಿಂದುಹಾಕುತ್ತದೆ, ಆಗ ತವರ ಕಚ್ಚಿಕೊಳ್ಳುತ್ತದೆ.

ಮನೆಯ ಒಂದು ಮೂಲೆಯಲ್ಲಿ ಹುಣಸೆಯ ಭರಣಿಯಿದ್ದರೆ ಇನ್ನೊಂದು ಮೂಲೆಯಲ್ಲಿ ಒಲೆ, ಒಲೆಯಲ್ಲಿ ಬೂದಿ. ರಸಾಯನಶಾಸ್ತ್ರದ ಕಣ್ಣಿಗೆ ಅದು ಎದುರುಪಕ್ಷ. ಬೂದಿಯಲ್ಲಿ ಪೊಟ್ಯಾಸಿಯಮ್ ಕಾರ್ಬೊನೇಟ್ ಇರುತ್ತದೆ, ಅದು ಕ್ಷಾರ. ಒದ್ದೆ ಬೂದಿಯನ್ನು ಬೆರಳುಗಳ ನಡುವೆ ಉಜ್ಜಿದರೆ ಜಾರುವಂತೆ ಅನಿಸುವುದು ಈ ಕ್ಷಾರದಿಂದಲೇ. ಜಿಡ್ಡಿನ ಪಾತ್ರೆಗೆ ಬೂದಿ ಹಚ್ಚಿ ತಿಕ್ಕಿದಾಗ ಕ್ಷಾರವೂ ಕೊಬ್ಬೂ ಸೇರಿ ಅಲ್ಲೇ ಸ್ವಲ್ಪ ಸಾಬೂನು ಹುಟ್ಟುತ್ತದೆ. ಬೂದಿಯ ನುಣ್ಣನೆಯ ಹರಳುಗಳು ಉಳಿದ ಕೊಳೆಯನ್ನು ಕೆರೆಯುತ್ತವೆ. ರಾತ್ರಿ ಅದೇ ಬೂದಿಗೆ ಬೇರೆ ಕೆಲಸ. ‘ಬೂದಿ ಮುಚ್ಚಿದ ಕೆಂಡ’ ಎಂದು ಒಳಗೊಳಗೇ ಕುದಿಯುವವರನ್ನು ಕರೆಯುತ್ತೇವಲ್ಲ, ಬೆಂಕಿಪೆಟ್ಟಿಗೆಗೆ ದುಡ್ಡು ಹಾಕಲಾಗದ ಮನೆಗಳಲ್ಲಿ ಅದು ಬೆಳಗಿನ ಒಲೆಯ ವ್ಯವಸ್ಥೆ. ಬೂದಿ ಶಾಖವನ್ನು ಹೊರಗೆ ಬಿಡುವುದಿಲ್ಲ, ಗಾಳಿಯನ್ನು ಅಳತೆಯಲ್ಲಷ್ಟೇ ಒಳಗೆ ಬಿಡುತ್ತದೆ. ಕೆಂಡ ಉರಿದು ಮುಗಿಯದೆ, ನಂದಿಯೂ ಹೋಗದೆ ನಸುಕಿನವರೆಗೆ ಉಳಿಯುತ್ತದೆ.

ಬಟ್ಟೆಯ ಕೆಲಸದಲ್ಲಿ ಈ ಜಾಣತನ ಇನ್ನೂ ಸ್ಪಷ್ಟ. ಅಗಸರು ಹತ್ತಿಯ ಬಟ್ಟೆಯನ್ನು ಚೌಳು ಮಣ್ಣಿನ ನೀರಿನಲ್ಲಿ ಅದ್ದಿ ಉಬ್ಬೆ ಹಾಕುತ್ತಿದ್ದರು. ಚೌಳಿನ ಕ್ಷಾರ ಮತ್ತು ಹಬೆ ಸೇರಿ ಕೊಳೆ ಬಿಡಿಸುತ್ತಿದ್ದವು. ರೇಷ್ಮೆ ಸೀರೆಯನ್ನು ಯಾರೂ ಉಬ್ಬೆಗೆ ಕೊಡುತ್ತಿರಲಿಲ್ಲ, ಅದಕ್ಕೆ ಅಂಟುವಾಳದ ನೊರೆ. ಹತ್ತಿ ಸೆಲ್ಯುಲೋಸ್, ಕ್ಷಾರವನ್ನು ತಾಳಿಕೊಳ್ಳುತ್ತದೆ. ರೇಷ್ಮೆ ಪ್ರೋಟೀನ್, ಕ್ಷಾರ ತಗುಲಿದರೆ ಎಳೆ ಸೊರಗುತ್ತದೆ, ಹೊಳಪು ಹೋಗುತ್ತದೆ. ಅಂಟುವಾಳದ ಸಿಪ್ಪೆಯಲ್ಲಿರುವ ಸಪೋನಿನ್ ಕ್ಷಾರದ ಹಂಗಿಲ್ಲದೆ ನೊರೆ ಕೊಡುತ್ತದೆ. ಎಣ್ಣೆಸ್ನಾನದ ದಿನ ತಲೆಗೆ ಹಾಕುವ ಸೀಗೆಪುಡಿಯಲ್ಲೂ ಇರುವುದು ಇದೇ ಜಾತಿಯ ವಸ್ತು; ಕೂದಲೂ ಪ್ರೋಟೀನೇ ತಾನೆ. ಪ್ರೋಟೀನ್ ಎಂಬ ಹೆಸರೇ ತಿಳಿಯದ ಕಾಲದಲ್ಲಿ ಸೀರೆಯನ್ನೂ ತಲೆಗೂದಲನ್ನೂ ಒಂದೇ ಗುಂಪಿಗೆ ಸೇರಿಸಿದ್ದು ನನಗಂತೂ ದೊಡ್ಡ ಸಾಧನೆಯಾಗಿ ಕಾಣುತ್ತದೆ.

ಹಳ್ಳಿಮನೆಯಲ್ಲಿ ಅತ್ಯಂತ ತೀಕ್ಷ್ಣವಾದ ಕ್ಷಾರ ಮಾತ್ರ ಬೂದಿಯಲ್ಲ, ಎಲೆ ಅಡಿಕೆ ತಟ್ಟೆಯಲ್ಲಿ ಕೂತಿರುವ ಸುಣ್ಣ. ಸುಣ್ಣದಕಲ್ಲನ್ನೋ ಕಡಲತೀರದ ಚಿಪ್ಪನ್ನೋ ಸುಮಾರು 900 ಡಿಗ್ರಿಗೆ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದೊಡನೆ ಕೊತಕೊತನೆ ಕುದಿಯುತ್ತದೆ. ಈ ಅರಳಿದ ಸುಣ್ಣವನ್ನು ಗೋಡೆಗೆ ಬಳಿದರೆ ಗಾಳಿಯಿಂದ ಮತ್ತೆ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮರಳಿ ಕಲ್ಲಾಗುತ್ತದೆ. ಡಬ್ಬಿಯಲ್ಲಿ ಮುಚ್ಚಿಟ್ಟ ಒದ್ದೆ ಸುಣ್ಣಕ್ಕೆ ಆ ಗಾಳಿ ಸಿಗುವುದಿಲ್ಲ, ಅದು ತೀಕ್ಷ್ಣವಾಗಿಯೇ ಕಾದಿರುತ್ತದೆ. ಆಮ್ಲ–ಕ್ಷಾರಗಳ ಅಳತೆಯಾದ ಪಿಎಚ್ ಅದರ ತಿಳಿನೀರಿನಲ್ಲಿ 12 ದಾಟುತ್ತದೆ.

ಇದಕ್ಕೆ ಅರಿಶಿನ ಸೇರಿದಾಗ ನಡೆಯುವುದನ್ನು ನಮ್ಮ ಪ್ರತಿ ಮದುವೆ ಮನೆಯೂ ನೋಡಿದೆ. ತಟ್ಟೆಯ ನೀರಿಗೆ ಅರಿಶಿನ ಕದಡಿ, ಉಗುರಂಚಿನಷ್ಟು ಸುಣ್ಣ ಹಾಕಿ ಬೆರಳಾಡಿಸಿದರೆ ಹಳದಿ ನೀರು ನೋಡನೋಡುತ್ತಿದ್ದಂತೆ ಕೆಂಪಾಗುತ್ತದೆ. ಮೊದಲು ಬೆರಳಿನ ಸುತ್ತ ಕೆಂಪು ಸುಳಿ, ಮರುಗಳಿಗೆಗೆ ತಟ್ಟೆಯಿಡೀ. ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಕ್ಷಾರದಲ್ಲಿ ಹೈಡ್ರೋಜನ್ ಕಳೆದುಕೊಂಡು ಬೆಳಕನ್ನು ಬೇರೆ ಬಗೆಯಲ್ಲಿ ಹೀರತೊಡಗುವುದೇ ಈ ಮಾಯೆ. ವಧೂವರರಿಗೆ ನಿವಾಳಿಸುವ ಆರತಿ ನೀರು ಇದೇ, ಓಕುಳಿಯ ನೀರೂ ಇದೇ. ಹೊಸ ಅಳಿಯನ ಬಿಳಿ ಪಂಚೆಗೆ ನಾದಿನಿಯರು ಓಕುಳಿ ಎರಚಿ ಓಡುತ್ತಿದ್ದರು. ಅಳಿಯ ಬಾವಿಕಟ್ಟೆಗೆ ಹೋಗಿ ಸಾಬೂನು ಹಚ್ಚಿ ಉಜ್ಜಿದಷ್ಟೂ ಕಲೆ ಕೆಂಪೇರುತ್ತಿತ್ತು, ಹೆಂಗಸರ ನಗುವೂ ಏರುತ್ತಿತ್ತು. ಸಾಬೂನು ಕೂಡ ಕ್ಷಾರವಲ್ಲವೇ! ಅದೇ ಪಂಚೆಗೆ ನಿಂಬೆರಸ ಹಿಂಡಿದರೆ ಕಲೆ ಹಳದಿಗೆ ಮರಳುತ್ತದೆ, ಬಿಸಿಲಿಗೆ ಹರವಿದರೆ ಕ್ರಮೇಣ ಮಾಸುತ್ತದೆ. ಕರ್ಕ್ಯುಮಿನ್ ಬಿಸಿಲನ್ನು ತಾಳದ ಬಣ್ಣ. ಮಕ್ಕಳಿಗೆ ಆಮ್ಲ–ಕ್ಷಾರದ ಪಾಠ ಹೇಳುವ ಶಿಕ್ಷಕರು ಲಿಟ್ಮಸ್ ಕಾಗದಕ್ಕೆ ಕಾಯಬೇಕಾಗಿಲ್ಲ. ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದದ ಪಟ್ಟಿ ಸಾಕು.

ಇನ್ನು ಮನೆಮದ್ದು. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಎಲ್ಲ ಸೊಪ್ಪೂ ಸಂಜೀವಿನಿ ಎಂದು ವಾದಿಸುವುದಕ್ಕೆ ಬಳಸುವವರಿದ್ದಾರೆ. ನನ್ನ ಪ್ರಕಾರ ಒಂದೊಂದು ಮದ್ದನ್ನೂ ಬೇರೆಬೇರೆಯಾಗಿ ವಿಚಾರಿಸಬೇಕು. ಉಳುಕಿದ ಪಾದಕ್ಕೆ ಹಚ್ಚುವ ಸುಣ್ಣ–ಬೆಲ್ಲ ನೋಡಿ. ಅಂಗೈಯಲ್ಲಿ ಎರಡನ್ನೂ ಮಸೆದಾಗ ಸ್ವಲ್ಪ ಬೆಚ್ಚಗಾಗುತ್ತದೆ. ಸುಣ್ಣ ಬರಿಯ ನೀರಿನಲ್ಲಿ ಲೀಟರಿಗೆ ಎರಡು ಗ್ರಾಂ ಕೂಡ ಕರಗುವುದಿಲ್ಲ, ಸಕ್ಕರೆಯ ಪಾಕದಲ್ಲಿ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಕರಗುತ್ತದೆ. ಹಳೆಯ ಕಟ್ಟಡಗಳ ಗಾರೆಗೆ ಬೆಲ್ಲದ ನೀರು ಬೆರೆಸುತ್ತಿದ್ದುದರ ಹಿಂದೆಯೂ ಈ ನಂಟಿದೆ. ಪಾದದ ಮೇಲೆ ಆ ಲೇಪ ಒಣಗಿ ಗಟ್ಟಿಯಾಗಿ, ಕೀಲು ಅಲುಗಾಡದಂತೆ ಹಿಡಿಯುತ್ತದೆ. ಉಳುಕಿಗೆ ಬೇಕಾದದ್ದು ವಿಶ್ರಾಂತಿ. ಲೇಪ ಹಚ್ಚಿಸಿಕೊಂಡವನು ಜಗಲಿಯ ಮೇಲೆ ಕಾಲು ಚಾಚಿ ಕೂರಲೇಬೇಕು. ಮೂಳೆ ಮುರಿದಿದ್ದರೆ ಇದರಿಂದ ಏನೂ ಆಗದು, ಗಾಯವಿದ್ದ ಚರ್ಮಕ್ಕೆ ಸುಣ್ಣ ಸುಡುತ್ತದೆ.

ಹರಳೆಣ್ಣೆಯ ವಿಷಯದಲ್ಲಿ ಸಂಶಯವೇ ಇಲ್ಲ, ಅದು ಕೆಲಸ ಮಾಡುತ್ತದೆ. ಮುಖ ಸಿಂಡರಿಸಿದವರನ್ನು ‘ಹರಳೆಣ್ಣೆ ಕುಡಿದ ಹಾಗೆ’ ಎನ್ನುವುದು ಸುಮ್ಮನೆ ಹುಟ್ಟಿದ ಮಾತಲ್ಲ. ಭೇದಿಗೆ ಎಣ್ಣೆ ಕುಡಿಸುವ ಬೆಳಿಗ್ಗೆ ಮಕ್ಕಳು ಅಟ್ಟ ಹತ್ತುತ್ತಿದ್ದರು, ಹುಲ್ಲಿನ ಬಣವೆಯ ಹಿಂದೆ ಅಡಗುತ್ತಿದ್ದರು; ಬೆಲ್ಲದ ಚೂರು ತೋರಿಸಿ ಅಜ್ಜಿ ಒಬ್ಬೊಬ್ಬರನ್ನೇ ಇಳಿಸುತ್ತಿದ್ದಳು. ಎಣ್ಣೆ ಕರುಳಿನಲ್ಲಿ ಒಡೆದಾಗ ರಿಸಿನೋಲಿಕ್ ಆಮ್ಲ ಹೊರಬರುತ್ತದೆ. ಅದು ಕರುಳಿನ ಸ್ನಾಯುಕೋಶಗಳ ಇಪಿ3 ಎಂಬ ಗ್ರಾಹಕಕ್ಕೆ, ಅಂದರೆ ಸಂದೇಶ ಹಿಡಿಯುವ ಪ್ರೋಟೀನಿಗೆ, ಅಂಟಿಕೊಂಡು ಕರುಳನ್ನು ಹಿಂಡಿಸುತ್ತದೆ ಎಂಬುದನ್ನು 2012ರಲ್ಲಿ ಜರ್ಮನಿಯ ಸಂಶೋಧಕರು ಇಲಿಗಳಲ್ಲಿ ತೋರಿಸಿದರು. ಗರ್ಭಕೋಶದ ಸ್ನಾಯುವಿನಲ್ಲೂ ಅದೇ ಗ್ರಾಹಕವಿದೆ. ಬಸುರಿಯರು ಹರಳೆಣ್ಣೆ ಕುಡಿಯಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ. ಹರಳಿನ ಬೀಜದಲ್ಲಿ ರಿಸಿನ್ ಎಂಬ ಘೋರ ವಿಷವೂ ಇದೆ. ಬೀಜ ಬೇಯಿಸಿ, ಒಣಗಿಸಿ, ಕುಟ್ಟಿ, ಮತ್ತೆ ನೀರಿನಲ್ಲಿ ಕುದಿಸಿ ತೇಲಿದ ಎಣ್ಣೆ ತೆಗೆಯುವ ಹಳೆಯ ಕ್ರಮದಲ್ಲಿ ಆ ವಿಷ ಬಿಸಿಗೆ ಕೆಡುತ್ತದೆ, ಎಣ್ಣೆಗೆ ಬರುವುದೂ ಇಲ್ಲ. ಅಂಗಳ ತುಂಬ ಹರಡುತ್ತಿದ್ದ ಆ ದಿನವಿಡೀ ದುಡಿಮೆಯೇ ಕುಡಿಯುವವರನ್ನು ಕಾಪಾಡಿತ್ತು.

ಕೆಮ್ಮಿಗೆ ಕೊಡುವ ಅರಿಶಿನ–ಮೆಣಸಿನ ಹಾಲಿನ ಬಗ್ಗೆ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಎಲ್ಲರೂ ಎತ್ತಿ ಹೇಳುತ್ತಾರೆ. 2 ಗ್ರಾಂ ಕರ್ಕ್ಯುಮಿನ್ ಒಂದನ್ನೇ ನುಂಗಿದವರ ರಕ್ತದಲ್ಲಿ ಅದು ಇದ್ದೂ ಇಲ್ಲದಂತಿತ್ತು. ಮೆಣಸಿನ ಸಾರವಾದ ಪೈಪರಿನ್ 20 ಮಿಲಿಗ್ರಾಂ ಸೇರಿಸಿದಾಗ ದೇಹಕ್ಕೆ ದಕ್ಕಿದ ಪ್ರಮಾಣ ಸುಮಾರು ಇಪ್ಪತ್ತು ಪಟ್ಟು ಏರಿತು. ಒಳ್ಳೆಯ ಪ್ರಯೋಗ, ಜೋಡಿಯ ಜಾಣತನ ಮೆಚ್ಚಬೇಕಾದದ್ದೇ. ಆದರೆ ಲೆಕ್ಕ ಹಾಕಿ ನೋಡಿ. ಅರಿಶಿನದಲ್ಲಿ ಕರ್ಕ್ಯುಮಿನ್ ನೂರಕ್ಕೆ ಸುಮಾರು ಮೂರು ಭಾಗ. 2 ಗ್ರಾಂ ಬೇಕೆಂದರೆ ಇಪ್ಪತ್ತಕ್ಕೂ ಹೆಚ್ಚು ಚಮಚ ಅರಿಶಿನ ಕುಡಿಯಬೇಕು. ಒಂದು ಲೋಟ ಬಿಸಿ ಹಾಲು ಗಂಟಲಿಗೆ ಹಿತವೇ, ಮೆಣಸಿನ ಖಾರಕ್ಕೆ ಮೂಗು ಸಡಿಲವಾಗುವುದೂ ನಿಜ. ಅಷ್ಟಕ್ಕೆ ಕುಡಿಯೋಣ, ದೊಡ್ಡ ಕಾಯಿಲೆಗೆ ಅದನ್ನೇ ನಂಬಿ ಕೂರುವುದು ಬೇಡ.

ಕೈಬಿಡಲೇಬೇಕಾದ ಕೆಲವನ್ನು ನೇರವಾಗಿ ಹೇಳುತ್ತೇನೆ. ಹಸುಗೂಸಿನ ಹೊಕ್ಕುಳಿಗೆ ಸಗಣಿ, ಬೂದಿ ಹಚ್ಚುವ ರೂಢಿ ಹಲವೆಡೆ ಇತ್ತು. ಮಣ್ಣಿನಲ್ಲೂ ಸಗಣಿಯಲ್ಲೂ ಧನುರ್ವಾಯುವಿನ ಬೀಜಾಣುಗಳಿರುತ್ತವೆ, ಹೊಕ್ಕುಳ ಗಾಯ ಅವಕ್ಕೆ ತೆರೆದ ಬಾಗಿಲು. ಗರ್ಭಿಣಿಯರಿಗೆ ಲಸಿಕೆ, ಶುಚಿಯಾದ ಹೆರಿಗೆ ಎರಡೂ ಹರಡಿದ ಮೇಲೆ, ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ನಿವಾರಿಸಿದೆಯೆಂದು 2015ರಲ್ಲಿ ಮಾನ್ಯವಾಯಿತು. ವರ್ಷ ತುಂಬದ ಮಗುವಿಗೆ ಜೇನುತುಪ್ಪ ನೆಕ್ಕಿಸುವುದೂ ಬೇಡ, ಅದರಲ್ಲಿ ಸ್ನಾಯುಗಳನ್ನು ನಿಶ್ಚಲಗೊಳಿಸುವ ಬಾಟುಲಿಸಮ್ ರೋಗದ ಬೀಜಾಣುಗಳಿರಬಹುದು. ಸುಟ್ಟ ಗಾಯಕ್ಕೆ ಬೆಣ್ಣೆ, ಶಾಯಿ, ಸುಣ್ಣದ ತಿಳಿ ಯಾವುದೂ ಸಲ್ಲದು. ತಣ್ಣೀರನ್ನು ಇಪ್ಪತ್ತು ನಿಮಿಷ ಹರಿಸಿದರೆ ಅದೇ ಮೊದಲ ಮದ್ದು.

ಇಬ್ಬರು ಮಕ್ಕಳಲ್ಲಿ ಭೇದ ಮಾಡುವ ತಂದೆತಾಯಿಗೆ ‘ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ’ ಎಂದು ಚುಚ್ಚುತ್ತಾರೆ. ನಮ್ಮ ಗಾದೆಗಳಲ್ಲಿ ಇದು ಅತಿ ಕಠೋರವಾದದ್ದು. ಆಮ್ಲ ಕಣ್ಣಿಗೆ ಬಿದ್ದರೆ ಮೇಲ್ಪದರದ ಪ್ರೋಟೀನ್ ಹೆಪ್ಪುಗಟ್ಟಿ, ಅದೇ ಒಂದಿಷ್ಟು ತಡೆಗೋಡೆಯಾಗುತ್ತದೆ. ಕ್ಷಾರಕ್ಕೆ ಅಂಥ ತಡೆಯಿಲ್ಲ. ಪಾತ್ರೆಯ ಜಿಡ್ಡನ್ನು ಸಾಬೂನು ಮಾಡಿದ ಹಾಗೆಯೇ ಅದು ಜೀವಕೋಶಗಳ ಕೊಬ್ಬಿನ ಪೊರೆಯನ್ನು ಕರಗಿಸುತ್ತ ಒಳಗೊಳಗೆ ಇಳಿಯುತ್ತದೆ. ಪ್ಲಾಸ್ಟಿಕ್ ಪೊಟ್ಟಣದ ಸುಣ್ಣವನ್ನು ಮಕ್ಕಳು ಆಟಕ್ಕೆ ಹಿಸುಕಿ, ಅದು ಸಿಡಿದು ಕಣ್ಣು ಕಳೆದುಕೊಂಡ ಪ್ರಕರಣಗಳನ್ನು ಭಾರತದ ನೇತ್ರತಜ್ಞರು ಮತ್ತೆ ಮತ್ತೆ ದಾಖಲಿಸಿದ್ದಾರೆ. ಹಾಗೇನಾದರೂ ಆದರೆ ಹಾಲು, ಎಣ್ಣೆ, ತುಪ್ಪ ಹುಡುಕುತ್ತ ಸಮಯ ಕಳೆಯಬೇಡಿ. ರೆಪ್ಪೆ ಬಿಡಿಸಿ ಹಿಡಿದು, ಸಿಕ್ಕಿದ ಶುದ್ಧ ನೀರನ್ನು ಕನಿಷ್ಠ ಅರ್ಧ ಗಂಟೆ ಸುರಿಯಿರಿ, ರೆಪ್ಪೆಯ ಒಳಗೆ ಸುಣ್ಣದ ಕಣ ಕಂಡರೆ ನೀರಿನಿಂದಲೇ ಹೊರಡಿಸಿ, ಆಮೇಲೆ ತಡಮಾಡದೆ ಆಸ್ಪತ್ರೆಗೆ ಹೊರಡಿ. ಎಲೆ ಅಡಿಕೆಯ ತಟ್ಟೆ ಇಂದಿಗೂ ಇರುವ ಮನೆಗಳಲ್ಲಿ ಸುಣ್ಣದ ಡಬ್ಬಿ, ಪೊಟ್ಟಣ ಎರಡೂ ಮಗುವಿನ ಕೈಗೆ ಎಟುಕದ ಎತ್ತರದಲ್ಲಿರಲಿ.